ಗುರುಮಲ್ಲಪ್ಪನವರ ಮಗಳು ಬಡವಳಾದದ್ದು

ಕಟ್ಟೆಮಳಲವಾಡಿಯ ರೈತ ಗುರುಮಲ್ಲಪ್ಪನವರು ಸರ್ಕಾರಿ ದಾಖಲೆಯ ಪ್ರಕಾರ ಕಳೆದ ಸಾಲಿನಲ್ಲಿ ಶ್ರೀಮಂತರಾದರು. ಈ ಸಂಗತಿ ಅವರಿಗೆ ತಿಳಿದದ್ದು ಮಗಳು ರೂಪಶ್ರೀಯ ಕಾಲೇಜಿನಿಂದ. ಕುಟುಂಬದ ಆದಾಯ ಏರಿದ್ದಕ್ಕೆ ಅಭಿನಂದನೆಗಳು, ಹೋದ ವರ್ಷ ಕೊಟ್ಟ ವಿದ್ಯಾರ್ಥಿವೇತನ ಈ ವರ್ಷ ರದ್ದಾಗಿದೆ, ತಿಂಗಳೊಳಗೆ ಪೂರ್ತಿ ಫೀಸು ಕಟ್ಟದಿದ್ದರೆ ನರ್ಸಿಂಗ್ ಸೀಟು ಬೇರೆಯವರ ಪಾಲು ಎಂದು ಕಾಲೇಜು ತಿಳಿಸಿತ್ತು.

ಶ್ರೀಮಂತಿಕೆ ಬಂದ ದಾರಿ ಸರಳವಾದದ್ದು. ಹೊಗೆಸೊಪ್ಪನ್ನು ಹರಾಜಿಗೆ ಹಾಕಲು ಲೈಸೆನ್ಸ್ ಬೇಕು. ಕೇರಿಗೆಲ್ಲ ಲೈಸೆನ್ಸ್ ಇದ್ದದ್ದು ಇವರೊಬ್ಬರಿಗೇ. ಹಾಗಾಗಿ ನೆರೆಹೊರೆಯವರೆಲ್ಲ ತಮ್ಮ ಸೊಪ್ಪನ್ನೂ ಇವರ ಹೆಸರಿನಲ್ಲೇ ಹಾಕಿದರು. ದುಡ್ಡೆಲ್ಲ ಇವರ ಖಾತೆಗೆ ಬಂತು. ಪುಣ್ಯಾತ್ಮ, ಅದರಲ್ಲಿ ಒಂದು ಟೀ ಕೂಡ ಕುಡಿಯದೆ ಅವರವರ ಪಾಲನ್ನು ಅವರವರಿಗೆ ಕೊಟ್ಟುಬಿಟ್ಟರು.

ಹುಣಸೂರಿನ ಆದಾಯ ಏರಿಳಿತ ಶಾಖೆಯ ಅಧಿಕಾರಿಗಳು ಇದನ್ನೆಲ್ಲ ಸಹಾನುಭೂತಿಯಿಂದಲೇ ಕೇಳಿಸಿಕೊಂಡರು.

“ಆ ದುಡ್ಡು ನಂದಲ್ಲ ಕಣ್ರೀ ಸ್ವಾಮಿ. ಬಂತು, ಓಯ್ತು,” ಎಂದರು ಗುರುಮಲ್ಲಪ್ಪ.

“ಬಂದದ್ದು ಆದಾಯ. ಹೋದದ್ದು ಅವರವರ ಹಣೆಬರಹ. ನಿಯಮ ಹನ್ನೊಂದು, ಉಪನಿಯಮ ‘ಗ’.”

“ಅಂಗಾದ್ರೆ ನಾನು ಮತ್ತೆ ಬಡವ ಆಗೋದ್ ಯಾವಾಗ?”

“ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ನಡುವೆ ಎಷ್ಟೇ ನಷ್ಟವಾದರೂ ಹೆದರಬೇಡಿ, ನಿಮ್ಮ ಆದಾಯಕ್ಕೆ ಏನೂ ಆಗುವುದಿಲ್ಲ.”

ಆದರೆ ಶಾಖೆಗೂ ಕರುಳಿತ್ತು. ತಂದೆಯನ್ನು ಬಡವನನ್ನಾಗಿಸಲು ಬಾರದಿದ್ದರೆ ಮಗಳನ್ನು ದತ್ತು ಕೊಡಿಸಿ ಬಡ ಪೋಷಕರನ್ನು ಒದಗಿಸಲು ನಿಯಮದಲ್ಲಿ ಅವಕಾಶವಿತ್ತು. ಕಂಪ್ಯೂಟರಿನಲ್ಲಿ ಹುಡುಕಿದಾಗ ಪಕ್ಕದ ಮನೆಯ ವಿಧವೆ ಬಸವಮ್ಮನ ಆದಾಯ ಸೊನ್ನೆ ಎಂದು ಬಂತು. ಗುರುಮಲ್ಲಪ್ಪನವರ ಹೆಸರಿನಲ್ಲಿ ಎಲ್ಲರಿಗಿಂತ ಹೆಚ್ಚು ಸೊಪ್ಪು ಹಾಕಿ, ಆ ದುಡ್ಡಲ್ಲಿ ತಾರಸಿ ಮನೆ ಕಟ್ಟಿಸುತ್ತಿದ್ದವಳು ಆಕೆಯೇ.

ಹೆಂಡತಿ ನೀಲಾಂಬಿಕೆ ಉರಿದುಬಿದ್ದರು. “ಎತ್ತವಳು ನಾನು, ಮಗಳು ಅವಳಿಗಾ? ನಿಮ್ ಬುದ್ಧಿಗಷ್ಟು ಬೆಂಕಿ ಹಾಕ!”

“ಮಗೀನ ಓದು ನಿಂತೋದ್ರೆ ಏನ್ಮಾಡನೆ?” ಎಂದರು ಗುರುಮಲ್ಲಪ್ಪ. ನೀಲಾಂಬಿಕೆ ಬೈಗುಳ ನಿಲ್ಲಿಸಿ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಬಸವಮ್ಮ ಮಾತ್ರ ತಕ್ಷಣ ಒಪ್ಪಿದಳು. “ನನ್ ಸೊಪ್ಪು ನಿಮ್ಮೆಸ್ರಲ್ ಓಗ್ಲಿಲ್ವಾ ಗುರುಮಲ್ಲಣ್ಣ? ನಿಮ್ ಮಗ್ಳು ನನ್ನೆಸ್ರಲ್ ಓಗ್ಲಿ ಬುಡಿ.”

ರೂಪಶ್ರೀ ದತ್ತು ಹೋದಳು. ವಿದ್ಯಾರ್ಥಿವೇತನ ಮಂಜೂರಾಯಿತು. ಮಂಜೂರಾತಿ ಪತ್ರ ವಿತರಿಸಲು ಗಣ್ಯರೊಬ್ಬರು ಬೇಕಾದರು. ಶಾಖೆಯವರು ಅದೇ ಕಂಪ್ಯೂಟರಿನಲ್ಲಿ ಶ್ರೀಮಂತರನ್ನು ಹುಡುಕಿದರು. ಗುರುಮಲ್ಲಪ್ಪನವರನ್ನು ಕಾರು ಕಳಿಸಿ ಕರೆಸಿದರು, ಪೇಟ ತೊಡಿಸಿದರು.

“ತಂದೆಯಿಲ್ಲದ, ಆದಾಯವಿಲ್ಲದ ಈ ಹೆಣ್ಣುಮಗಳಿಗೆ ಮಾನ್ಯ ಗುರುಮಲ್ಲಪ್ಪನವರು ಪತ್ರ ನೀಡಬೇಕೆಂದು ವಿನಂತಿ,” ಎಂದು ಮೈಕು ಕೂಗಿತು.

ಪತ್ರ ಕೈಗೆ ಬಂದಾಗ ರೂಪಶ್ರೀಗೆ ತಡೆಯಲಾಗಲಿಲ್ಲ. “ಅಪ್ಪಾ...” ಅಂದಳು.

ಗುರುಮಲ್ಲಪ್ಪ ನಗುಮುಖದಲ್ಲೇ ತಗ್ಗಿದ ದನಿಯಲ್ಲಿ ಗದರಿದರು: “ಸಾರ್ ಅನ್ನವ್ವ, ಸೀಟು ಓಯ್ತದೆ.”

“ಥ್ಯಾಂಕ್ಯೂ ಸಾರ್,” ಎಂದಳು ಮಗಳು. ಸಭೆ ಚಪ್ಪಾಳೆ ತಟ್ಟಿತು. ಪೋಷಕರ ಸಾಲಿನಲ್ಲಿ ಬಸವಮ್ಮ ಕಣ್ಣೊರೆಸಿಕೊಂಡಳು. ಹಿಂದೆ, ಸಾರ್ವಜನಿಕರ ಸಾಲಿನಲ್ಲಿ ಕೂತಿದ್ದ ನೀಲಾಂಬಿಕೆಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.