ವಾರೆಯಾದ ಮೂರನೇ ಚಂದ್ರಿಕೆ

ನಮ್ಮ ಕಡೆಯವರ ಫೋಟೊ ತೆಗೆಯುವುದು ಸುಲಭ, ಅವರನ್ನು ಸುಮ್ಮನೆ ನಿಲ್ಲಿಸುವುದು ಕಷ್ಟ. ರಾಮನಗರದಲ್ಲಿ ಸ್ಟುಡಿಯೊ ಇಟ್ಟು ಮೂವತ್ತು ವರ್ಷವಾಯಿತು. ಇವತ್ತಿಗೂ ಯಾರಾದರೊಬ್ಬರು ಸಹಾಯ ಮಾಡಲು ಬಂದು ನನ್ನ ಫೋಟೊ ಕೆಡಿಸುತ್ತಾರೆ. ನನಗೂ ಒಂದು ಹುಚ್ಚು. ಒಂದೇ ಆಕಾರದ ವಸ್ತುಗಳು ಸಾಲಾಗಿ ಕಂಡರೆ, ಕೊಂಬೆಯೋ ಬಂಡೆಯೋ ತಾನಾಗಿ ಚೌಕಟ್ಟು ಕಟ್ಟಿದ್ದು ಕಂಡರೆ ಕ್ಯಾಮೆರಾ ಎತ್ತದೆ ಇರಲಾರೆ. ಮಾಗಡಿ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಜೊತೆ ಇರುವ ನಮ್ಮವ್ವ ಮಾತ್ರ ಈ ಹುಚ್ಚಿಗೆ ಎಂದೂ ಸೊಪ್ಪು ಹಾಕಲಿಲ್ಲ. ನಾನು ತೋರಿಸಿದ ಒಂದು ಫೋಟೊವನ್ನೂ ಅವಳು ಚೆನ್ನಾಗೈತೆ ಅಂದವಳಲ್ಲ. ಆ ಒಂದು ಮಾತು ಕೇಳುವ ಆಸೆ ತಲೆ ನರೆತರೂ ನನಗೆ ಹೋಗಿರಲಿಲ್ಲ.

೧. ಬೆನ್ನು

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಚಾಚಾ ಒಬ್ಬರಿದ್ದರು. ಅವರ ಇಪ್ಪತ್ತು ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಒಂದನ್ನು ಮಾತ್ರ ಗೋಡೆಗೆ ಮುಖ ಮಾಡಿಸಿದೆ. ಸಾಲು ಒಂದು ಕಡೆ ಮುರಿದರೇ ನೋಡುವವರ ಕಣ್ಣು ಅಲ್ಲಿ ನಿಲ್ಲುವುದು. ನಾನು ಕ್ಯಾಮೆರಾ ಹತ್ತಿರ ಹೋಗುವಷ್ಟರಲ್ಲಿ ಚಾಚಾ ಅದನ್ನು ಸರಿಯಾಗಿ ತಿರುಗಿಸಿಟ್ಟಿದ್ದರು. ಮೂರು ಸಲ ಹೀಗೇ ಆಯಿತು. ಒಂದಾದರೂ ಉಲ್ಟಾ ಬೇಕು ಎಂದು ಬೇಡಿಕೊಂಡೆ.

“ಮಾಲು ಉಲ್ಟಾ ಇಡಬಾರ್ದು ಬೇಟಾ, ನಾನೇ ನಿಂತ್ಕೊತೀನಿ,” ಎಂದು ಸಾಲಿನ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತರು.

ಚಾಚಾ ಈಗಿಲ್ಲ. ಅವರ ಮಗನ ಅಂಗಡಿಯಲ್ಲಿ ಆ ಫೋಟೊ ಇನ್ನೂ ಇದೆ. ಮೊನ್ನೆ ಒಬ್ಬ ಗಿರಾಕಿ ಇವರ ಮುಖ ಎಲ್ಲಿ ಎಂದು ಫೋಟೊ ಎತ್ತಿ ಹಿಂದುಗಡೆ ನೋಡಿದನಂತೆ.

೨. ಹೊಂಗೆ ಕೊಂಬೆ

ಕನಕಪುರದ ರೈತರೊಬ್ಬರು ಮಗಳು ಅಳಿಯನ ಫೋಟೊಗೆ ಕರೆದಿದ್ದರು. ಹೊಲದ ಬದುವಿನಲ್ಲಿ ಹೊಂಗೆ ಮರದ ಕೊಂಬೆಯೊಂದು ಕಮಾನಿನ ಹಾಗೆ ಬಾಗಿತ್ತು. ಇದರ ಕೆಳಗೇ ನಾಳೆ ಬೆಳಿಗ್ಗೆ ತೆಗೆಯೋಣ ಎಂದು ಹೇಳಿ ಬಂದೆ. ಬೆಳಿಗ್ಗೆ ಹೋದರೆ ಕೊಂಬೆಯೇ ಇಲ್ಲ. ಗಂಡು ಹೆಣ್ಣಿನ ಮುಖಕ್ಕೆ ಅಡ್ಡ ಬರುತ್ತದೆಂದು ಯಜಮಾನರು ನಸುಕಿನಲ್ಲೇ ಎದ್ದು ಕಡಿದು ಹಾಕಿದ್ದರು. ನನ್ನ ಮುಖ ನೋಡಿ ಅವರಿಗೂ ಬೇಜಾರಾಯಿತು.

“ಯಾಕ್ ಯೋಚ್ನೆ ಮಾಡ್ತೀರಿ, ಕೊಂಬೆ ನಾವ್ ಹಿಡ್ಕೊಂಡ್ ನಿಂತ್ಕೊತೀವಿ,” ಎಂದರು.

ಆ ಫೋಟೊದಲ್ಲಿ ಹೊಂಗೆ ಮರ ಕೈಗಡಿಯಾರ ಕಟ್ಟಿಕೊಂಡಿದೆ.

೩. ಅವ್ವನ ಮಾತು

ಹೋದ ವರ್ಷ ಊರಿಗೆ ಹೋದಾಗ ಅಂಗಳದ ಗೋಡೆಗೆ ಆರು ಚಂದ್ರಿಕೆ ಒರಗಿಸಿದ್ದರು. ಹಣ್ಣಾದ ರೇಷ್ಮೆ ಹುಳ ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ತಟ್ಟಿಗಳು ಅವು. ಒಂದೊಂದರಲ್ಲೂ ಸುರುಳಿ ಸುರುಳಿಯಾಗಿ ಹಳದಿ ಗೂಡು. ಚಿಕ್ಕಂದಿನಲ್ಲಿ ನಾನು ಆ ಸುರುಳಿಯ ಮೇಲೆ ಬೆರಳಾಡಿಸಿ ಅವ್ವನ ಕೈಲಿ ಪೆಟ್ಟು ತಿಂದಿದ್ದೆ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿ, ಅವಳು ಸೆರಗು ಸರಿಮಾಡಿಕೊಳ್ಳುವಾಗ ಮೂರನೇ ಚಂದ್ರಿಕೆಯನ್ನು ಕಾಲಿನಿಂದ ಒಸಿ ವಾರೆ ಮಾಡಿದೆ. ಚಾಚಾನ ಅಂಗಡಿಯಲ್ಲಿ ಸಿಗದ ಉಲ್ಟಾ ಇಲ್ಲಿ ಸಿಕ್ಕಿತು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಫೋಟೊ ಇನ್ನೊಂದು ತೆಗೆದಿಲ್ಲ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅವ್ವ ಬಹಳ ಹೊತ್ತು ನೋಡಿದಳು.

“ಮೂರ್ನೇದು ವಾರೆ ಆಗ್ಬುಟ್ಟೈತೆ. ನೋಡ್ದೋರು ಈ ಮನೆ ಹೆಂಗುಸ್ರಿಗೆ ಚಂದ್ರಿಕೆ ನಿಲ್ಸಕ್ಕೂ ಬರಾಕಿಲ್ಲ ಅಂತಾರೆ,” ಎಂದಳು.

ರಾಮನಗರದ ಬಸ್ಸು ಹತ್ತಿದೆ.

ಹಬ್ಬಕ್ಕೆ ಹೋದಾಗ ಫೋಟೊ ನಡುಮನೆಯಲ್ಲಿ ತೂಗುತ್ತಿತ್ತು, ಆದರೆ ಪೂರಾ ಒಂದು ಕಡೆಗೆ ವಾಲಿಕೊಂಡು. ಮೊಳೆ ಸಡಿಲವಾಗಿರಬೇಕೆಂದು ನೆಟ್ಟಗೆ ಮಾಡಿದೆ. ಅವ್ವ ಒಳಗಿನಿಂದ ಬಂದು ಅದನ್ನು ಮತ್ತೆ ವಾಲಿಸಿದಳು. ಆಮೇಲೆ ಹಿಂದೆ ಸರಿದು ನೋಡಿದಳು. ಈಗ ಮೂರನೇ ಚಂದ್ರಿಕೆ ನೆಟ್ಟಗಿತ್ತು. ಮಿಕ್ಕ ಐದು ಚಂದ್ರಿಕೆ, ಮನೆಯ ಗೋಡೆ, ನಮ್ಮವ್ವ, ಎಲ್ಲ ವಾರೆ.

“ಈಗ ಚೆನ್ನಾಗೈತೆ ಕಣಪ್ಪ,” ಎಂದಳು.

ಮೂವತ್ತು ವರ್ಷ ಕಾದ ಮಾತು. ಕತ್ತು ವಾರೆ ಮಾಡಿಕೊಂಡು ನೋಡಿದೆ, ನಿಜವಾಗಿಯೂ ಚೆನ್ನಾಗಿತ್ತು.