ಎರಡನೇ ಅರ್ಧ ಸ್ವಲ್ಪ ಎಳೆದಿದ್ದಾರೆ

ಹದಿನೇಳನೇ ಕೋಟಿನ ಕಾಲರಿಗೆ ನಂಬರಿನ ಚೀಟಿ ಸಿಕ್ಕಿಸುತ್ತಿದ್ದಾಗ ಅವಳಿಗೆ ಮೊದಲ ಆಕಳಿಕೆ ಬಂತು. ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಬುಧವಾರ ಡ್ರೈಕ್ಲೀನಿಂಗ್ ಅಂಗಡಿಗೆ ಅರ್ಧ ದಿನ ರಜೆ. ಒಂದು ಗಂಟೆಗೆ ಷಟರು ಇಳಿಯುತ್ತದೆ, ಎರಡೂವರೆಗೆ ಅವಳು ಚಿತ್ರಮಂದಿರದ ಹಿಂದಿನ ಸಾಲಿನ ಮೂಲೆ ಸೀಟಿನಲ್ಲಿರುತ್ತಾಳೆ. ಎರಡೂ ಮುಕ್ಕಾಲಿಗೆ ಇರುವುದಿಲ್ಲ. ಅಂದರೆ, ದೇಹ ಮಾತ್ರ ಅಲ್ಲೇ ಇರುತ್ತದೆ.

ಅವಳು ಸಿನಿಮಾಕ್ಕೆ ಹೋಗುತ್ತಿದ್ದದ್ದು ಮಲಗುವುದಕ್ಕೆ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸಂಸಾರಸ್ಥ ಹೆಂಗಸು ಸಿನಿಮಾ ನೋಡಿದರೆ ಅದು ಹವ್ಯಾಸ, ಮಧ್ಯಾಹ್ನ ಮಲಗಿದರೆ ಸೋಮಾರಿತನ. ಮನೆಯಲ್ಲಿ ಮಲಗಲು ಒಮ್ಮೆ ಪ್ರಯತ್ನ ಮಾಡಿದ್ದಳು. ಅತ್ತೆ ಬಾಗಿಲು ಬಡಿದು ಕನ್ನಡಕ ಎಲ್ಲಿ ಎಂದು ಕೇಳಿದರು. ಐದು ನಿಮಿಷ ಬಿಟ್ಟು ಮತ್ತೆ ಬಡಿದು, ಸಿಕ್ಕಿತು, ನೀನು ಮಲಗು ಎಂದರು. ಗಂಡ ಕಚೇರಿಯಿಂದ ಫೋನು ಮಾಡಿ ಏನಿಲ್ಲ, ಸುಮ್ಮನೆ ಮಾಡಿದೆ ಎಂದ. ಪಕ್ಕದ ಮನೆಯವರು, ಹಗಲು ಹೊತ್ತಿನಲ್ಲಿ ಮಲಗಿದ್ದಾಳಂತೆ, ಏನಾಯಿತೋ ಎಂದು ವಿಚಾರಿಸಲು ಬಂದು ಒಂದು ಗಂಟೆ ಕೂತರು.

ಚಿತ್ರಮಂದಿರದಲ್ಲಾದರೆ ಕತ್ತಲು, ತಂಪು. ಫೋನು ಆರಿಸಿ, ಮಾತಾಡಬೇಡಿ ಎಂದು ಆಳೆತ್ತರದ ಅಕ್ಷರದಲ್ಲಿ ಪರದೆಯ ಮೇಲೇ ಬರೆದು ತೋರಿಸುತ್ತಾರೆ. ಇಷ್ಟು ಮರ್ಯಾದೆ ಅವಳ ನಿದ್ದೆಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ತೊಂದರೆ ಒಂದೇ. ಬಂದಕೂಡಲೇ ಎಲ್ಲರೂ "ಹೇಗಿತ್ತು?" ಎನ್ನುತ್ತಿದ್ದರು. ಅದಕ್ಕೆ ಅವಳು ಒಂದು ಉತ್ತರ ಇಟ್ಟುಕೊಂಡಿದ್ದಳು: "ಮೊದಲರ್ಧ ಪರವಾಗಿಲ್ಲ. ಎರಡನೇ ಅರ್ಧ ಸ್ವಲ್ಪ ಎಳೆದಿದ್ದಾರೆ." ಆಸ್ಪತ್ರೆಯ ಗೌನಿನಂಥ ಮಾತು ಅದು, ಯಾರಿಗೆ ತೊಡಿಸಿದರೂ ಆಗುತ್ತಿತ್ತು. ಎರಡು ವರ್ಷದಲ್ಲಿ ನೂರರ ಹತ್ತಿರ ಸಿನಿಮಾಗಳಿಗೆ ತೊಡಿಸಿದ್ದಳು, ಒಂದಕ್ಕೂ ಬಿಗಿಯಾಗಿರಲಿಲ್ಲ. ಯಾರೂ ಎದುರಾಡಲಿಲ್ಲ. ಬದಲಿಗೆ, ಕಡಿಮೆ ಮಾತಾಡ್ತಾಳೆ, ಆದರೆ ತೂಕದ ಮಾತು ಎಂದು ಕಟ್ಟಡದವರೆಲ್ಲ ಸೇರಿ ಅವಳಿಗೆ 'ಸಿನಿಮಾ ಅಕ್ಕ' ಎಂದು ಹೆಸರಿಟ್ಟರು. ಅವಳು ಪರವಾಗಿಲ್ಲ ಎಂದ ಸಿನಿಮಾಕ್ಕೆ ಎರಡು ಮನೆಯವರು ಜಾಸ್ತಿ ಹೋಗುತ್ತಿದ್ದರು. ಎಲ್ಲದಕ್ಕೂ ಅವಳು ಪರವಾಗಿಲ್ಲ ಎಂದೇ ಹೇಳುತ್ತಾಳೆ ಎಂಬುದನ್ನು ಗಮನಿಸುವಷ್ಟು ಗಮನ ಯಾರಿಗೂ ಇರಲಿಲ್ಲ.

ಹದಿನೆಂಟನೇ ಕೋಟು ಎತ್ತಿಕೊಳ್ಳುವ ಹೊತ್ತಿಗೆ ಅವರ ಮೇಲಿನ ಮನೆಯ ಮೇಷ್ಟ್ರು ಅಂಗಡಿಗೆ ಬಂದರು. ನಿವೃತ್ತರಾಗಿ ಎಂಟು ವರ್ಷವಾದರೂ ಎದುರಿಗೆ ಸಿಕ್ಕವರನ್ನು ಪಾಸು ಫೇಲು ಮಾಡುವುದನ್ನು ಅವರು ಬಿಟ್ಟಿರಲಿಲ್ಲ. ಕೈಯಲ್ಲಿ ಒಗೆಯುವ ಬಟ್ಟೆ ಇರಲಿಲ್ಲ.

"ನೋಡಮ್ಮ, ಹೋದ ವಾರದ ಸಿನಿಮಾದಲ್ಲಿ ಎರಡನೇ ಅರ್ಧ ಎಳೆದಿದ್ದಾರೆ ಅಂದ್ರಂತೆ. ನಿಮ್ಮತ್ತೆ ನನ್ನನ್ನ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ್ರು."

"ಸ್ವಲ್ಪ, ಸಾರ್. ಸ್ವಲ್ಪ ಎಳೆದಿದ್ದಾರೆ."

"ಸ್ವಲ್ಪಾನೂ ಇಲ್ಲ. ಭಾನುವಾರ ನಾನೇ ನೋಡಿ ಬಂದೆ. ಎಳೆದಿರೋದು ಮೊದಲರ್ಧ. ಎರಡನೇದು ಕುದುರೆ ಓಡಿದ ಹಾಗೆ ಓಡುತ್ತೆ."

ಎರಡು ವರ್ಷದಲ್ಲಿ ಮೊದಲ ಸಲ ಗೌನಿನ ಹೊಲಿಗೆ ಬಿಟ್ಟಿತ್ತು. "ಅವರವರ ಅಭಿಪ್ರಾಯ ಸಾರ್," ಎಂದಳು.

"ಅಭಿಪ್ರಾಯ ಅಂದ್ರೆ ಲೆಕ್ಕದ ಉತ್ತರ ಇದ್ದ ಹಾಗೆ. ಸರಿ ಇರುತ್ತೆ, ಇಲ್ಲ ತಪ್ಪಿರುತ್ತೆ. ಎಲ್ಲಿ ಎಳೆದಿದ್ದಾರೆ, ಒಂದೇ ಒಂದು ದೃಶ್ಯ ಹೇಳಿ."

ಒಳಗಿನಿಂದ ಅಂಗಡಿಯ ಯಜಮಾನಿ ಬಂದು ಕೌಂಟರಿಗೆ ಮೊಣಕೈ ಊರಿದರು. "ಹೇಳೇ, ಯಾಕೆ ಬಿಟ್ಟುಕೊಡ್ತೀಯ? ಇವಳು ಹೇಳಿದ್ಲು ಅಂತ ನಾನು ಆ ಸಿನಿಮಾಕ್ಕೆ ಹೋಗೋದನ್ನೇ ಬಿಟ್ಟೆ, ಮೇಷ್ಟ್ರೇ."

"ಆ... ಅಳೋ ದೃಶ್ಯ," ಎಂದಳು. ಅಳುವ ದೃಶ್ಯ ಇಲ್ಲದ ಸಿನಿಮಾ ಇರಲಾರದು ಎಂಬ ಧೈರ್ಯ.

"ಯಾರು ಅಳೋದು?"

"ಎಲ್ಲರೂ."

"ಅದು ಕಳ್ಳರ ಸಿನಿಮಾ ಕಣಮ್ಮ. ಅದರಲ್ಲಿ ಯಾರೂ ಅಳೋದಿಲ್ಲ."

"ಅದಕ್ಕೇ ಹೇಳಿದ್ದು ಸಾರ್. ಅಳಬೇಕಾದ ಕಡೆ ಯಾರೂ ಅಳಲಿಲ್ಲ. ಅದಕ್ಕೇ ಎಳೆದ ಹಾಗಾಯ್ತು."

ಯಜಮಾನಿ ಕೌಂಟರು ತಟ್ಟಿದರು. "ಕೇಳಿದ್ರಾ? ಇಂಥ ಮಾತು ಪೇಪರಿನಲ್ಲಿ ಬರೆಯೋರಿಗೂ ಬರೋಲ್ಲ."

ಪಾಸು ಮಾಡುವುದೋ ಫೇಲು ಮಾಡುವುದೋ ತಿಳಿಯದೆ ಮೇಷ್ಟ್ರು ಒಂದು ಗಳಿಗೆ ಒದ್ದಾಡಿದರು. ಆಮೇಲೆ ಮರುಪರೀಕ್ಷೆ ಘೋಷಿಸಿದರು. "ಇವತ್ತು ಹೊಸದು ಬಂದಿದೆಯಂತಲ್ಲ. ಮ್ಯಾಟಿನಿಗೆ ನಾನೂ ಬರ್ತೀನಿ. ಜೊತೇಲಿ ಕೂತು ನೋಡೋಣ, ತೀರ್ಮಾನ ಆಗಿಹೋಗ್ಲಿ."

"ನಾನೂ ಬರ್ತೀನಿ," ಎಂದರು ಯಜಮಾನಿ.

"ನಂದು ಮೂಲೆ ಸೀಟು ಮೇಡಂ. ಅಲ್ಲಿಂದ ಸರಿಯಾಗಿ ಕಾಣಲ್ಲ."

"ಮತ್ತೆ ಯಾಕೆ ಅಲ್ಲಿ ಕೂತು ಸಾಯ್ತೀಯ? ಇವತ್ತು ಮಧ್ಯದಲ್ಲಿ ಕೂರೋಣ."

ಮನೆಗೆ ಅವಳಿಗಿಂತ ಮೊದಲು ಸುದ್ದಿ ಹೋಗಿತ್ತು. ಮೇಷ್ಟ್ರು ಫೋನು ಮಾಡಿದ್ದರಂತೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನೀವೂ ಬರ್ತೀರಾ ಅತ್ತೆ? ಅಲ್ಲಿ ಮೆಟ್ಟಿಲು ಜಾಸ್ತಿ. ನಿಮ್ಮ ಮಂಡಿ..."

"ಮಂಡಿ ಇವತ್ತು ಪರವಾಗಿಲ್ಲ." ಅದು ಪಾತ್ರೆ ತೊಳೆಯುವ ಹೊತ್ತು ನೋಡಿಕೊಂಡು ನೋಯುವ ಮಂಡಿ. "ಆ ಮೇಷ್ಟ್ರು ನಮ್ಮನೆ ಸೊಸೆಗೆ ಸಿನಿಮಾ ಗೊತ್ತಿಲ್ಲ ಅಂದ್ರೆ ನಾನು ಕೇಳ್ಕೊಂಡು ಸುಮ್ನಿರ್ಬೇಕಾ?"

ಗಂಡ ಕೋಣೆಯಿಂದ ತಲೆ ಬಾಚಿಕೊಳ್ಳುತ್ತ ಬಂದ. ಅರ್ಧ ದಿನ ರಜೆ ಹಾಕಿದ್ದ. ಅವಳಿಗೆ ಜ್ವರ ಬಂದ ವಾರ ಆ ಕಚೇರಿಯಲ್ಲಿ ರಜೆ ಎಂಬುದೇ ಇರಲಿಲ್ಲ. "ನೀನು ಸಿನಿಮಾ ನೋಡೋದನ್ನ ನಾನು ಒಂದ್ಸಲಾನೂ ನೋಡಿಲ್ಲ ನೋಡು," ಎಂದ ಪ್ರೀತಿಯಿಂದ.

ಅವಳು ಅಂಗಡಿಯಿಂದ ತಂದಿದ್ದ ಪಿನ್ನೊಂದನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡಳು. ತೂಕಡಿಕೆ ಬಂದರೆ ಚುಚ್ಚಿಕೊಳ್ಳಲು. ಇವತ್ತು ಸಿಕ್ಕಿಬಿದ್ದರೆ ಬುಧವಾರ ಹೋದ ಹಾಗೆ. ಮಲಗೋದಾದ್ರೆ ಮನೇಲೇ ಮಲಗು ಎಂದು ಗಂಡ ಹೇಳುತ್ತಾನೆ. ಆ ಮನೆಯಲ್ಲಿ ಮಲಗುವುದು ಎಂಥ ಕಷ್ಟ ಎಂದು ಅವನಿಗೆ ಗೊತ್ತಿಲ್ಲ. ಅವನು ಅಲ್ಲಿ ಚೆನ್ನಾಗಿಯೇ ಮಲಗುತ್ತಾನೆ.

ಚಿತ್ರಮಂದಿರದ ಬಾಗಿಲಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವನು ಅವಳನ್ನು ಕಂಡು ಹಲ್ಲು ಬಿಟ್ಟ. ನಡುವಯಸ್ಸಿನ ಸಜ್ಜನ. "ಬನ್ನಿ ಅಕ್ಕ, ಮೂಲೆ ಹಾಗೇ ಇಟ್ಟಿದೀನಿ. ಮುಗಿದ್ಮೇಲೆ ಎಂದಿನ ಹಾಗೆ ಎಬ್ಬಿಸಲಾ?"

ಜೊತೆಗಿದ್ದ ನಾಲ್ಕು ತಲೆಗಳೂ ಅವಳ ಕಡೆ ತಿರುಗಿದವು.

"ಎಬ್ಬಿಸೋದಾ?" ಎಂದ ಗಂಡ.

"ಸಿನಿಮಾ ಮುಗಿದ್ರೂ ನಾನು ಏಳೋದಿಲ್ಲ ರೀ. ಕೊನೇಲಿ ಹೆಸರು ಬರುತ್ತಲ್ಲ, ದೀಪ ಹಿಡಿದವರು, ಬಟ್ಟೆ ಹೊಲಿದವರು, ಗಾಡಿ ಓಡಿಸಿದವರು, ಅಷ್ಟನ್ನೂ ಓದ್ತಾ ಕೂತಿರ್ತೀನಿ. ಪಾಪ, ಗುಡಿಸೋರು ಕಾಯ್ತಿರ್ತಾರೆ ಅಂತ ಇವರು ಬಂದು ಹೇಳ್ತಾರೆ."

"ಭಕ್ತಿ ಅಂದ್ರೆ ಇದು," ಎಂದರು ಯಜಮಾನಿ. ಮೇಷ್ಟ್ರೂ ಒಂದೆರಡು ಅಂಕ ಕೊಟ್ಟ ಹಾಗೆ ಕಂಡಿತು. ಟಾರ್ಚಿನವನು ಅವಳ ಕಣ್ಸನ್ನೆ ನೋಡಿ, ಏನೂ ಅರ್ಥವಾಗದಿದ್ದರೂ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದ.

ಮಧ್ಯದ ಸಾಲು. ಎಡಕ್ಕೆ ಅತ್ತೆ, ಅವರಾಚೆ ಗಂಡ. ಬಲಕ್ಕೆ ಯಜಮಾನಿ, ಅವರಾಚೆ ಮೇಷ್ಟ್ರು. ದೀಪ ಆರಿತು. ಎರಡು ವರ್ಷದ ಅಭ್ಯಾಸ, ರೆಪ್ಪೆ ತಾನಾಗಿ ಇಳಿಯಿತು. ಪಿನ್ನಿನಿಂದ ಚುಚ್ಚಿಕೊಂಡಳು. ಮತ್ತೆ ಇಳಿಯಿತು, ಮತ್ತೆ ಚುಚ್ಚಿಕೊಂಡಳು. ಮೂರನೇ ಸಲ ಚುಚ್ಚಿಕೊಳ್ಳುವಷ್ಟರಲ್ಲಿ ಎಡ ಭುಜದ ಮೇಲೆ ಏನೋ ಬಿತ್ತು. ಅತ್ತೆಯ ತಲೆ.

ಹತ್ತು ನಿಮಿಷ ಕಳೆಯುವ ಮೊದಲು ಬಲ ಭುಜವನ್ನು ಯಜಮಾನಿ ವಹಿಸಿಕೊಂಡರು. ಗಂಡ ಬಾಯಿ ತೆರೆದು ಛಾವಣಿಗೆ ಮುಖ ಮಾಡಿದ್ದ. ಮೇಷ್ಟ್ರು ಮಾತ್ರ ಗಲ್ಲಕ್ಕೆ ಕೈಯಿಟ್ಟು ಗಂಭೀರವಾಗಿ ಪರದೆ ನೋಡುತ್ತಿದ್ದರು, ಅಥವಾ ಹಾಗೆ ಕಂಡಿತು. ಕಣ್ಣು ಮುಚ್ಚಿಯೂ ತರಗತಿಯನ್ನು ಗಮನಿಸುತ್ತಿರುವಂತೆ ಕಾಣುವುದು ಮೂವತ್ತು ವರ್ಷದ ಅನುಭವ. ಗೊರಕೆ ಮಾತ್ರ ಅವರ ಗುಟ್ಟು ಬಿಟ್ಟುಕೊಟ್ಟಿತು.

ಈಗ ಅವಳೂ ಮಲಗಬಹುದಿತ್ತು. ಆದರೆ ಎರಡು ತಲೆಗಳ ನಡುವೆ ಗೂಟದ ಹಾಗೆ ಕೂತು, ಇಬ್ಬರ ಉಸಿರೂ ಕಿವಿಗೆ ತಗಲುತ್ತಿರುವಾಗ ನಿದ್ದೆ ಎಲ್ಲಿಂದ ಬರಬೇಕು? ಬೇರೆ ದಾರಿ ಕಾಣದೆ ಅವಳು ಸಿನಿಮಾ ನೋಡಿದಳು.

ಮಧ್ಯಂತರದಲ್ಲಿ ದೀಪ ಹತ್ತಿದಾಗ ನಾಲ್ವರೂ ಒಟ್ಟಿಗೆ ಎಚ್ಚರಗೊಂಡು ಒಟ್ಟಿಗೆ ಮಾತಾಡಿದರು.

"ಬಿಗಿಯಾಗಿದೆ," ಎಂದರು ಮೇಷ್ಟ್ರು.

"ಫೋಟೋಗ್ರಫಿ ಚೆನ್ನಾಗಿದೆ," ಎಂದ ಗಂಡ.

"ಆ ಹುಡುಗಿ ಪಾಪ," ಎಂದರು ಅತ್ತೆ. ಅಷ್ಟು ಹೊತ್ತೂ ಪರದೆಯ ಮೇಲೆ ಹುಡುಗಿ ಯಾರೂ ಬಂದಿರಲಿಲ್ಲ.

ಬಂದಿದ್ದವಳು ಐವತ್ತು ದಾಟಿದ ಒಬ್ಬ ಹೆಂಗಸು. ಬೀಗ ರಿಪೇರಿಯವಳು. ಕೀ ಕಳೆದುಕೊಂಡವರ ಮನೆಗೆಲ್ಲ ಹೋಗಿ ಬಾಗಿಲು ತೆಗೆದುಕೊಡುವುದು ಅವಳ ಕೆಲಸ. ಎರಡನೇ ಅರ್ಧದಲ್ಲಿ ಅವಳನ್ನು ಒಂದು ಮನೆಗೆ ಕರೆಸುತ್ತಾರೆ. ಆ ಮನೆಯ ಹೆಂಗಸು ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದಾಳೆ, ತೆಗೆಯುತ್ತಿಲ್ಲ. ಹೊರಗೆ ಮನೆಮಂದಿಯೆಲ್ಲ ನಿಂತಿದ್ದಾರೆ. ಬೀಗದವಳು ಅವರನ್ನು ಆಚೆ ಕಳಿಸಿ, ಬಾಗಿಲಿಗೆ ಕಿವಿಯಿಟ್ಟು, "ತೆಗೀಲಾ?" ಎಂದು ಪಿಸುಮಾತಿನಲ್ಲಿ ಕೇಳುತ್ತಾಳೆ. ಒಳಗಿನಿಂದ "ಬೇಡ" ಎಂಬ ದನಿ. ಅವಳು ಚೀಲ ಕೆಳಗಿಟ್ಟು ಬಾಗಿಲಿಗೆ ಬೆನ್ನು ಆನಿಸಿ ಕೂರುತ್ತಾಳೆ. ಒಳಗಿನವಳೂ ಆ ಕಡೆಯಿಂದ ಹಾಗೇ ಕೂರುತ್ತಾಳೆ. ಎಷ್ಟೋ ಹೊತ್ತು ಮಾತಿಲ್ಲ, ಸಂಗೀತವಿಲ್ಲ. ಆಮೇಲೆ ಬೀಗದವಳು ಎದ್ದು ಹೋಗಿ ಮನೆಯವರಿಗೆ ಹೇಳುತ್ತಾಳೆ: "ಈ ಬೀಗ ನನ್ನ ಕೈಲಾಗೋದಲ್ಲ. ಸಂಜೆ ತನಕ ಹಾಗೇ ಬಿಡಿ."

ಅವಳ ಬೆರಳಿನಿಂದ ಪಿನ್ನು ಯಾವಾಗಲೋ ಬಿದ್ದುಹೋಗಿತ್ತು. ಕಣ್ಣೊರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ, ಎರಡು ಭುಜಕ್ಕೂ ಬಾಡಿಗೆದಾರರಿದ್ದರು. ಹಾಗೇ ಹರಿಯಲು ಬಿಟ್ಟಳು.

ಕೊನೆಯ ಸಂಗೀತದ ಅಬ್ಬರಕ್ಕೆ ನಾಲ್ವರೂ ಎದ್ದು, ತಮ್ಮ ತಮ್ಮ ತಲೆಗಳನ್ನು ವಾಪಸು ಪಡೆದು ಹೊರಗೆ ಹೊರಟರು. ಅವಳನ್ನು ಎಬ್ಬಿಸಲು ಬಂದ ಟಾರ್ಚಿನವನು ತೆರೆದ ಕಣ್ಣು ಕಂಡು ಗಾಬರಿಯಾದ. "ಏನಕ್ಕ, ಮೈ ಹುಷಾರಿಲ್ವಾ?"

ಎದುರಿನ ಕಾಫಿ ಅಂಗಡಿಯಲ್ಲಿ ತೀರ್ಪು ಶುರುವಾಯಿತು. ಎಲ್ಲರ ಮುಖದಲ್ಲೂ ಮಿಂದು ಬಂದಂಥ ಕಳೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ತಪ್ಪು ಒಪ್ಪಿಕೊಳ್ಳೋದಕ್ಕೆ ನನಗೆ ನಾಚಿಕೆ ಇಲ್ಲ. ಎರಡನೇ ಅರ್ಧ ನಿಜವಾಗ್ಲೂ ಎಳೆದಿದ್ದಾರೆ. ನೀವೇ ಗೆದ್ರಿ ಅಮ್ಮ."

ಇಲ್ಲಿ ಅವಳು ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನೂರು ಸಿನಿಮಾಗಳ ಮೇಲೆ ಮೊದಲ ಸಲ ಅವಳಲ್ಲಿ ಒಂದು ಅಭಿಪ್ರಾಯ ಹುಟ್ಟಿತ್ತು. ಅದು ಒಳಗೆ ನಿಲ್ಲಲಿಲ್ಲ.

"ಇಲ್ಲ ಸಾರ್. ಇದರಲ್ಲಿ ಎರಡನೇ ಅರ್ಧಾನೇ ಜೀವ. ಆ ಬಾಗಿಲ ಹತ್ರ ಇಬ್ಬರೂ ಕೂರ್ತಾರಲ್ಲ, ಬೆನ್ನಿಗೆ ಬೆನ್ನು ಕೊಟ್ಟು. ಅದನ್ನ ನೋಡಿ ನನಗೆ..."

ನಾಲ್ಕು ಲೋಟಗಳೂ ಮೇಜಿಗೆ ಇಳಿದವು.

"ಯಾವ ಬಾಗಿಲು?" ಎಂದರು ಯಜಮಾನಿ.

"ಬಾಗಿಲು ಎಲ್ಲಿತ್ತಮ್ಮ?" ಮೇಷ್ಟ್ರು ಗಂಡನ ಕಡೆ ನೋಡಿದರು. "ನೀವು ನೋಡಿದ್ರಾ?"

"ಇಲ್ಲಪ್ಪ. ನಾನು ಒಂದು ಸೀನೂ ಬಿಟ್ಟಿಲ್ಲ," ಎಂದ ಗಂಡ. ಆಮೇಲೆ ಅವಳ ಕೆಂಪಾದ ಕಣ್ಣು ನೋಡಿ ಮೆತ್ತಗೆ ಕೇಳಿದ, "ಏಯ್, ನೀನು ಮಲಗಿಬಿಟ್ಟಿದ್ದೆ ಅಲ್ವಾ?"

"ನಾನಾ?"

"ಕನಸು ಕಂಡಿದಾಳೆ, ಅಷ್ಟೆ," ಎಂದರು ಅತ್ತೆ. "ನನಗೆ ಆಗ್ಲೇ ಅನುಮಾನ ಬಂತು. ಪಕ್ಕದಲ್ಲಿ ಯಾರೋ ಗೊರಕೆ ಹೊಡೀತಿದ್ರು."

ಆ ಹೊತ್ತಿಗೆ ಟಾರ್ಚಿನವನು ಕಾಫಿಗೆ ಬಂದ. ಗಂಡ ಅವನನ್ನು ಕರೆದ. "ಬನ್ನಿ ಇಲ್ಲಿ, ನೀವೇ ಹೇಳಿ. ನಮ್ಮನೆಯವರು ಒಳಗೆ ಮಲಗಿದ್ರು ತಾನೆ?"

"ಛೆ, ಇಲ್ಲ ಸಾರ್." ಅಕ್ಕನ ಪರವಾಗಿ ಸಾಕ್ಷಿ ಹೇಳುವ ಭಾಗ್ಯಕ್ಕೆ ಅವನ ಮುಖ ಅರಳಿತು. "ನಾನೇ ಕಣ್ಣಾರೆ ನೋಡಿದೆ. ಇವತ್ತು ಮಾತ್ರ ಅಕ್ಕ..."

"ಮಲಗಿದ್ದೆ," ಎಂದಳು ಅವಳು ನಡುವೆ ಬಾಯಿ ಹಾಕಿ. "ಹೌದು ರೀ. ಕಣ್ಣು ಹತ್ತಿಬಿಟ್ಟಿತ್ತು."

ಎಲ್ಲರೂ ಅವಳನ್ನು ಕ್ಷಮಿಸಿದರು. ಮೇಷ್ಟ್ರು ಕ್ಷಮಿಸುವ ಮೊದಲು ತಮ್ಮ ಸೋಲನ್ನು ವಾಪಸು ತೆಗೆದುಕೊಂಡರು. ಗಂಡ, ಮಲಗೋದಾದ್ರೆ ಮನೇಲೇ ಮಲಗಬಹುದಲ್ಲ ಎಂದ, ತಾನೊಬ್ಬನೇ ಯೋಚಿಸಬಲ್ಲ ಮಾತು ಎಂಬಂತೆ.

"ಮನೇಲಿ ಯಾಕೆ?" ಎಂದರು ಯಜಮಾನಿ. "ನನಗಂತೂ ಎಷ್ಟೋ ದಿನದ ಮೇಲೆ ಮೈ ಹಗುರಾಗಿದೆ. ಸಿನಿಮಾ ಅಂದ್ರೆ ಹಾಗಿರ್ಬೇಕು. ಇನ್ಮೇಲೆ ಪ್ರತಿ ಬುಧವಾರ ಎಲ್ಲರೂ ಜೊತೇಲಿ ಬರೋಣ."

"ಬರೋಣ. ನಾನು ಇವಳ ಪಕ್ಕದಲ್ಲೇ ಕೂರ್ತೀನಿ," ಎಂದರು ಅತ್ತೆ. "ತೂಕಡಿಸಿದ್ರೆ ಚಿವುಟ್ತೀನಿ."

ಹೀಗೆ ಎರಡು ವರ್ಷದಲ್ಲಿ ನಿದ್ದೆ ಮಾಡದ ಒಂದೇ ಒಂದು ಬುಧವಾರ ಅವಳು ನಿದ್ದೆಗಾಗಿ ಸಿಕ್ಕಿಬಿದ್ದಳು. ಕಾಫಿ ಮುಗಿಯುವ ಮೊದಲೇ ಮುಂದಿನ ವಾರಕ್ಕೆ ಐದು ಟಿಕೆಟ್ಟು ತರುವ ಕೆಲಸವೂ ಅವಳ ಪಾಲಿಗೆ ಬಂತು.

ಮನೆಯ ದಾರಿಯಲ್ಲಿ ಅವರು ನಾಲ್ವರೂ ಆ ಹುಡುಗಿಯ ಅಭಿನಯದ ಬಗ್ಗೆ ಮಾತಾಡುತ್ತ ಮುಂದೆ ಹೋದರು. ಇಷ್ಟರಲ್ಲಿ ಮೇಷ್ಟ್ರೂ ಆ ಇಲ್ಲದ ಹುಡುಗಿಯನ್ನು ನೋಡಿಬಿಟ್ಟಿದ್ದರು. ಅವಳು ಗೋಡೆಯ ಪೋಸ್ಟರಿನ ಮುಂದೆ ಒಂದು ಗಳಿಗೆ ನಿಂತು, ಗುರುವಾರದ ಆಟದ ಹೊತ್ತು ಓದಿಕೊಂಡಳು. ಮೂರು ಗಂಟೆ. ಸಿನಿಮಾದಲ್ಲಿ ಬೀಗದವಳು ಎದ್ದು ಹೋಗುವ ಮೊದಲು ಬಾಗಿಲ ಆ ಕಡೆಯವಳು ಏನೋ ಅಂದಿದ್ದಳು, ಅತ್ತೆಯ ಗೊರಕೆಯಲ್ಲಿ ಕೇಳಿಸಿರಲಿಲ್ಲ. ಅಂಗಡಿಯಿಂದ ಮೂರು ತಾಸು ತಪ್ಪಿಸಿಕೊಳ್ಳಬೇಕೆಂದರೆ ಹೊಟ್ಟೆನೋವು ಸಾಲದು, ಜ್ವರವನ್ನು ಯಜಮಾನಿ ಮುಟ್ಟಿ ನೋಡುತ್ತಾರೆ.

ಅವಳು ಎಡಗೆನ್ನೆಗೆ ಅಂಗೈ ಒತ್ತಿಕೊಂಡು, ಬೇಗ ಬೇಗ ಹೆಜ್ಜೆ ಹಾಕಿ ಅವರನ್ನು ಕೂಡಿಕೊಂಡಳು.

"ಏನಾಯ್ತು, ಹಲ್ಲು ನೋವಾ?" ಎಂದರು ಯಜಮಾನಿ.

"ಈಗಿನ್ನೂ ಶುರು ಮೇಡಂ," ಎಂದಳು.