ಬೀಗರಿಗೆ ಜಲಪಾತ ತೋರಿಸಿದ್ದು

ಜಲಪಾತದ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ಜಂಬ ತಾನಾಗಿಯೇ ಬಂದುಬಿಡುತ್ತದೆ. ನದಿಯನ್ನು ಅಲ್ಲಿಂದ ಕೆಳಕ್ಕೆ ತಳ್ಳಿದ್ದು ತಮ್ಮ ಅಜ್ಜನೇ ಎಂಬಂತೆ ಮಾತಾಡುತ್ತಾರೆ. ನಾನೂ ಅವರಲ್ಲೊಬ್ಬ. ಶಿರಸಿಯ ಹೊರಗೆ ಇಸಳೂರಿನಲ್ಲಿ ಮನೆ ಕಟ್ಟಿಸಿದ ಮೇಲೆ ಬಂದ ನೆಂಟರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಉಂಚಳ್ಳಿ, ಬುರುಡೆ, ಮಾಗೋಡು ಎಂದು ತಿರುಗಿಸಿದ್ದೇನೆ. ಅವರು "ಅಬ್ಬಾ!" ಎಂದಾಗ, "ಏನೋ, ನಮ್ಮ ಕಡೆ ಹೀಗೇ" ಎಂದು ವಿನಯದಿಂದ ತಲೆ ಬಗ್ಗಿಸಿದ್ದೇನೆ. ಇದೊಂದು ಕಾಯಿಲೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಹಾಗಾಗಿ ಮಗಳ ಮದುವೆಯ ವಿಷಯ ಬಂದಾಗಲೂ ನಾನು ನಂಬಿದ್ದು ಜಲಪಾತವನ್ನೇ. ಮಗಳು ಸುಧಾ ಹುಬ್ಬಳ್ಳಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಹಾವೇರಿ ಕಡೆಯ ಹುಡುಗನನ್ನು ಮೆಚ್ಚಿದ್ದಳು. ನಮಗೂ ಒಪ್ಪಿಗೆಯಾಗಿತ್ತು. ಹುಡುಗನ ತಂದೆ ಬಸವಣ್ಣೆಪ್ಪನವರು ಮಾತ್ರ, "ಮನಿ ನೋಡಿ ಹೇಳ್ತೀನ್ರಿ" ಎಂದು ಒಬ್ಬರೇ ಬಂದಿಳಿದರು. ನಮ್ಮ ಮನೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಅದಕ್ಕೇ ಬೆಳಿಗ್ಗೆ ತಿಂಡಿಯಾದದ್ದೇ ಅವರನ್ನು ಹೊರಡಿಸಿಬಿಟ್ಟೆ. ಬುತ್ತಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತ ಹೆಂಡತಿ, "ನೀರಿನ ಮೋಟರ್ ಬಂದ್ ಮಾಡಿದ್ರಾ?" ಎಂದಳು. ಶಾಲ್ಮಲಾ ಹೊಳೆಯ ಮಹಿಮೆ ಶುರುಮಾಡಿದ್ದ ನಾನು, "ಮಾಡಿದೆ ಮಾರಾಯ್ತಿ" ಎಂದೆ.

ಸಹಸ್ರಲಿಂಗದಲ್ಲಿ ಅವರು ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳಿಗೆ ಭಕ್ತಿಯಿಂದ ಕೈಮುಗಿದರು. ನನಗೆ ಧೈರ್ಯ ಬಂತು. ಆದರೆ ಆಮೇಲೆ ನೀರನ್ನು ನೋಡುತ್ತ ಮುಖ ಸಣ್ಣದು ಮಾಡಿಕೊಂಡರು. ವಾರಕ್ಕೊಮ್ಮೆ ನಲ್ಲಿ ಬರುವ ಊರಿನವರು. ಬಂದ ದಿನ ಲೋಟವನ್ನೂ ಬಿಡದೆ ತುಂಬಿಟ್ಟುಕೊಳ್ಳುವವರು. ಅದು ನನಗೆ ಆಗ ಹೊಳೆಯಲಿಲ್ಲ. ಸಾಲದೇನೋ ಎಂದುಕೊಂಡು ಯಲ್ಲಾಪುರ ದಾಟಿಸಿ ಮಾಗೋಡಿಗೆ ಕರೆದೊಯ್ದೆ. ಬೇಡ್ತಿ ಹೊಳೆ ಭೋರೆಂದು ಧುಮುಕುತ್ತಿತ್ತು. ನಾನು "ಅಬ್ಬಾ!"ಕ್ಕೆ ಕಾದು ನಿಂತೆ.

"ಇಷ್ಟೂ ನೀರು ಎಲ್ಲಿಗೆ ಹೊಕ್ಕೈತ್ರಿ?" ಎಂದು ಕೇಳಿದರು.

"ಸಮುದ್ರಕ್ಕೆ."

"ಸುಮ್ನ?"

"ಹೂಂ, ಸುಮ್ಮನೆ."

"ಯಾರೂ ಹಿಡಿಯೂದಿಲ್ಲೇನ್ರಿ?"

ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ನಾನೇ ನಿಂತು ಚೆಲ್ಲಿಸುತ್ತಿದ್ದೇನೋ ಎಂಬಂತೆ ನನ್ನನ್ನು ನೋಡಿದರು. ಇಂಥ ಉಡಾಫೆ ಸೀಮೆಯ ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ ಎಂಬ ಯೋಚನೆ ಆ ಹಣೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ವಾಪಸು ದಾರಿಯುದ್ದಕ್ಕೂ, ಹೋಗಿ ಹೋಗಿ ಇವರಿಗೆ ಜಲಪಾತ ತೋರಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮನೆಯ ತಿರುವಿನಲ್ಲಿ ರಸ್ತೆ ಒದ್ದೆಯಾಗಿತ್ತು. ಗೇಟಿನ ಮುಂದೆ ನೆರೆಯವರು ಗುಂಪು ಕಟ್ಟಿದ್ದರು. ನಮ್ಮ ಟೆರೇಸಿನ ಟ್ಯಾಂಕಿನಿಂದ ಹೊರಟ ನೀರು ಸಜ್ಜಾದ ಮೇಲೆ ಬಿದ್ದು, ಅಲ್ಲಿಂದ ಮೆಟ್ಟಿಲಿಗೆ ಹಾರಿ, ಅಂಗಳ ದಾಟಿ ಗಟಾರ ಸೇರುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಅವತ್ತು ಹೋಗಿರಲಿಲ್ಲ. ಬಾವಿಯಲ್ಲಿ ನೀರೂ ಮುಗಿದಿರಲಿಲ್ಲ. ಹೆಂಡತಿ, "ಎಂತ ಹೇಳೂದು ನಿಮಗೆ!" ಎಂದು ಹಣೆ ಚಚ್ಚಿಕೊಂಡಳು.

ಬಸವಣ್ಣೆಪ್ಪನವರು ಪಂಚೆ ಎತ್ತಿ ಕಟ್ಟಿ, ಆ ನೀರಲ್ಲೇ ಓಡಿಹೋಗಿ ಸ್ವಿಚ್ಚು ಆರಿಸಿದರು. ಕೈಗೆ ಸಿಕ್ಕ ಬಕೆಟ್ಟನ್ನು ಸಜ್ಜಾದ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇದೂ ಸಮುದ್ರಕ್ಕ ಏನ್ರಿ?" ಎಂದರು.

ನಾನು ತಲೆ ಬಗ್ಗಿಸಿದೆ. ಈ ಸಲ ಅದರಲ್ಲಿ ವಿನಯವೇನೂ ಇರಲಿಲ್ಲ. ಸಂಬಂಧ ಮುರಿಯಿತೆಂದೇ ಅಂದುಕೊಂಡೆ.

"ಹುಡುಗೀನ್ನ ಲಗೂನ ನಮ್ಮನಿಗೆ ಕಳಸ್ರಿ," ಎಂದರು ಅವರು. "ಇಲ್ಲೇ ಇದ್ರ ಆಕೀನೂ ನಿಮ್ಮಂಗ ಆಕ್ಕಾಳ."

ಮದುವೆ ಸುಸೂತ್ರವಾಗಿ ಮುಗಿಯಿತು. ಸುಧಾ ಅಲ್ಲಿ ಲೋಟದಲ್ಲಿಯೂ ನೀರು ತುಂಬಿಡುವುದನ್ನು ಕಲಿತಿದ್ದಾಳಂತೆ. ಬೀಗರು ಮಾತ್ರ ಈಗಲೂ ದಿನಾ ಬೆಳಿಗ್ಗೆ ಫೋನು ಮಾಡುತ್ತಾರೆ. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಮೆಲ್ಲಗೆ, "ಮೋಟರ್ ಬಂದ್ ಮಾಡೀರೇನ್ರಿ, ಬೀಗರ?" ಎನ್ನುತ್ತಾರೆ. "ಆಗಲೇ ಮಾಡಿದೆ" ಎಂದು ಗಂಭೀರವಾಗಿ ಹೇಳುತ್ತ, ಫೋನು ಕಿವಿಗೆ ಹಿಡಿದುಕೊಂಡೇ ನಾನು ಸ್ವಿಚ್ಚಿನ ಕಡೆ ಓಡುತ್ತೇನೆ.